ಆಟದ ಪ್ರಾಣಿಗೆ ಅತ್ತೆ ಇಟ್ಟ ಹೆಸರು

ಗೆಳತಿಯರೇ, ಸಮಾಧಾನ ಮಾಡಿದಷ್ಟೂ ಮಗಳು ಯಾಕೆ ಹೆಚ್ಚು ಅಳುತ್ತಾಳೆ ಎಂದು ನಿದ್ದೆಗೆಟ್ಟಿದ್ದೆನಲ್ಲ, ಇವತ್ತು ಉತ್ತರ ಸಿಕ್ಕಿತು!

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೊಬೈಲ್‌ನಲ್ಲಿ ಮಾಯಾಲೋಕದ ಆಟ ಆಡುತ್ತಿದ್ದೆ. ಕೊಂಬು, ರೆಕ್ಕೆ ಎರಡೂ ಇರುವ ವಿಚಿತ್ರ ಪ್ರಾಣಿಯೊಂದು ನನಗೆ ಜೊತೆಯಾಯಿತು. ಅದಕ್ಕೊಂದು ಹೆಸರು ಹೇಳಲು ಮೈಕ್ ಒತ್ತಿದೆ. ಅಷ್ಟರಲ್ಲಿ ಮಗಳು ಕಿರುಚಿದಳು. ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ಅತ್ತೆ, "ಸುಮ್ಕಿರವ್ವಾ!" ಅಂದರು. ಅದೇ ಹೆಸರಾಗಿಹೋಯಿತು.

ಆಮೇಲೆ ನಾವು ಮಗಳಿಗೆ "ಸುಮ್ಕಿರವ್ವಾ" ಎಂದಾಗಲೆಲ್ಲ ಮೈಕ್‌ನಲ್ಲಿ ಕೇಳಿಸಿಕೊಂಡು ಪ್ರಾಣಿ ಗರ್ಜಿಸತೊಡಗಿತು. "ಇದಕ್ಕೆ ಹುಚ್ಚು ಹಿಡಿದಿದೆ ಅತ್ತೆ" ಅಂದೆ.

"ಅದುನ್ನ ಯಾಕವ್ವ ಬೈತೀಯ? ಅದ್ರ ಎಸ್ರಿಡ್ದು ಕರುದ್ರೆ ಓಗೊಡಲ್ವಾ?" ಅಂದರು.

ಮಗಳಿಗೆ ಇನ್ನೂ ನಾಮಕರಣ ಆಗಿಲ್ಲ. ಹುಟ್ಟಿದಾಗಿನಿಂದ ಅವಳು ಕೇಳಿರುವುದು ಇದೊಂದೇ ಹೆಸರು. ಪಾಪ, ಅವಳೂ ಓಗೊಡುತ್ತಿದ್ದಾಳೆ.