ಜಯಾಬಾಯಿ ಟೀಚರ್ ಆರಿಸಿದ ರಾಜ್ಯ

ಆದೋನಿಯಿಂದ ಮಂತ್ರಾಲಯದ ಕಡೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಅದರ ಜೊತೆ ಜಗಳವಾಡುತ್ತಿರುವ ಹೆಂಗಸೊಬ್ಬರು ಕಂಡರೆ ಅವರೇ ಜಯಾಬಾಯಿ ಟೀಚರ್. ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಾರೆ. ಕಂಡಕ್ಟರನಿಗೂ ಈ ಜಗಳ ರೂಢಿಯಾಗಿದೆ. "ಏನ್ ಟೀಚರಮ್ಮ, ಇವತ್ತರ ಸಿಕ್ತಾ?" ಎಂದು ಕೇಳಿಯೇ ಮುಂದಿನ ಸೀಟಿಗೆ ಹೋಗುತ್ತಾನೆ. "ಸಿಕ್ತಪ್ಪ, ಆದ್ರ ನಮ್ದಲ್ಲ" ಎನ್ನುವುದು ಟೀಚರ್ ಅವರ ನಿತ್ಯದ ಉತ್ತರ.

ಈ ಸೀಮೆಯ ಕನ್ನಡ ಶಾಲೆಗಳ ಸಂಗತಿಯನ್ನು ಹೊರಗಿನವರಿಗೆ ಹೇಳಿದರೆ ಅರ್ಧ ನಂಬುತ್ತಾರೆ, ಅರ್ಧ ನಗುತ್ತಾರೆ. ಸರ್ಕಾರ ಆಂಧ್ರದ್ದು, ಸಿಲಬಸ್ ಆಂಧ್ರದ್ದು, ಪುಸ್ತಕದ ಭಾಷೆ ಕನ್ನಡ. ಟೀಚರುಗಳಿಗೆ ಟ್ರೈನಿಂಗು ತೆಲುಗಿನಲ್ಲಿ, ಸುತ್ತೋಲೆ ಇಂಗ್ಲಿಷಿನಲ್ಲಿ, ಸ್ಟಾಫ್ ರೂಮಿನ ಜಗಳ ಮೂರರಲ್ಲೂ. ಇಷ್ಟು ವರ್ಷ ಇದು ಹೇಗೋ ನಡೆದುಕೊಂಡು ಬಂತು. ಕೊರೊನಾ ಬಂದು ಹೋದಮೇಲೆ ಪಾಠವೆಲ್ಲ ಮೊಬೈಲಿಗೆ ಹತ್ತಿತು ನೋಡಿ, ಆಗ ಶುರುವಾಯಿತು ಜಯಾಬಾಯಿಯವರ ಪರದಾಟ. ವಿಡಿಯೋ ತೋರಿಸಿ, ಆನ್‌ಲೈನಿನಲ್ಲಿ ಎಲ್ಲ ಇದೆ, ಹುಡುಕಿ ಎಂದು ಮೇಲಿನವರು ಅಪ್ಪಣೆ ಮಾಡಿದರು. ಹುಡುಕುವವರ ಕಷ್ಟ ಅಪ್ಪಣೆ ಮಾಡುವವರಿಗೇನು ಗೊತ್ತು?

ಜಯಾಬಾಯಿ ಹುಡುಕಿದರು. 'ಜೀವಕೋಶ' ಎಂದು ಒತ್ತಿದರೆ ಮೊದಲು ಕೂದಲು ಉದುರದಿರಲು ಎಣ್ಣೆಯ ಜಾಹೀರಾತು ಬಂತು. ಅದರ ಕೆಳಗೆ ಜೀವಕೋಶಗಳಿಗೆ ಮಂತ್ರ ಕೇಳಿಸುತ್ತದೆ ಎನ್ನುವ ಒಬ್ಬ ಮಹಾನುಭಾವರ ಪ್ರವಚನ. ಅದನ್ನೂ ದಾಟಿದರೆ ಕರ್ನಾಟಕದ ಮೇಷ್ಟರೊಬ್ಬರ ಪಾಠ. ಬಹಳ ಚೆನ್ನಾಗಿತ್ತು, ಆದರೆ ಪಾಠಗಳ ಕ್ರಮ ಬೇರೆ, ಇಲ್ಲಿ ಎಂಟನೆಯದರಲ್ಲಿ ಮುಗಿದದ್ದು ಅಲ್ಲಿ ಇನ್ನೂ ಶುರುವೇ ಆಗಿಲ್ಲ. ಇನ್ನೊಂದಕ್ಕೆ ಹೆಸರು ಕನ್ನಡದಲ್ಲಿತ್ತು, ಒತ್ತಿದರೆ ಮಾತೆಲ್ಲ ಇಂಗ್ಲಿಷು. ಕರಾವಳಿಯ ಮೇಡಂ ಒಬ್ಬರ ವಿಡಿಯೋ ತೋರಿಸಿದಾಗ ಮಕ್ಕಳು ಆಕೆಯ ರಾಗಕ್ಕೆ ನಕ್ಕು ನಕ್ಕು ಜೀವಕೋಶವನ್ನೇ ಮರೆತರು. ಪುಸ್ತಕದಲ್ಲಿ ಪಾಠದ ಪಕ್ಕ ಅಚ್ಚಾಗಿದ್ದ ಚೌಕಾಕಾರದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ತೆಲುಗಿನ ವಿಡಿಯೋ ತೆರೆದುಕೊಳ್ಳುತ್ತಿತ್ತು.

"ಜಯಾ, ಅದಕ್ಕೇನು ಕಿವಿ ಅದ ಏನು? ಎಷ್ಟು ಬೈತಿ ಅದನ್ನ?" ಎಂದು ಗಂಡ ಸೇತುಮಾಧವ ಪೇಪರಿನ ಹಿಂದಿನಿಂದ ನಗುತ್ತಿದ್ದರು. ಅವರು ಆದೋನಿಯ ಒಂದು ಆಫೀಸಿನಲ್ಲಿ ಗುಮಾಸ್ತರು. "ತೆಲುಗಿಂದು ಅದ ಅಂತಿ, ಅದನ್ನೇ ತೋರಿಸಿಬಿಡು. ನಿಂಗೂ ಬರ್ತದ, ಹುಡುಗರಿಗೂ ಬರ್ತದ."

"ನಿಮಗೆ ತಿಳಿಯೂದಿಲ್ಲ, ಸುಮ್ನಿರ್ರಿ."

ಅವರಿಗೆ ತಿಳಿಯುತ್ತಿರಲಿಲ್ಲ ನಿಜ. ಶಾಲೆಯ ಹೆಡ್‌ಮಾಸ್ತರು ಭೀಮಲಿಂಗಪ್ಪನವರು ಕೆಟ್ಟವರಲ್ಲ, ಆದರೆ ಲೆಕ್ಕದ ಮನುಷ್ಯ. ಕನ್ನಡ ಸೆಕ್ಷನ್ನಿನ ಬಾಗಿಲಲ್ಲಿ ನಿಂತಾಗಲೆಲ್ಲ ಖಾಲಿ ಬೆಂಚುಗಳನ್ನು ನೋಡಿ, "ಮೇಡಂ, ಮೀ ಪಿಲ್ಲಲಕಿ ತೆಲುಗು ವಚ್ಚು ಕದಾ? ತೆಲುಗು ಸೆಕ್ಷನ್ನಿನ ಕಡೆ ಕೂಡಿಸಿಬಿಟ್ರ ನಿಮಗೂ ಹಗುರ" ಎನ್ನುತ್ತಿದ್ದರು. ಮಕ್ಕಳಿಗೆ ತೆಲುಗು ಬರುತ್ತಿತ್ತು, ಯಾರು ಇಲ್ಲವೆಂದರು? ಸಂತೆಯಲ್ಲಿ, ಬಸ್ಸಿನಲ್ಲಿ, ಸೋದರತ್ತೆಯ ಮನೆಯಲ್ಲಿ ಅದೇ ಮಾತು. ಆದರೆ ತೆಲುಗು ವಿಡಿಯೋ ಒಂದು ಸಲ ಕ್ಲಾಸಿನೊಳಕ್ಕೆ ಬಂತೆಂದರೆ ಇನ್ನು ಕನ್ನಡ ಸೆಕ್ಷನ್ ಏಕೆ ಎಂದು ಹೆಡ್‌ಮಾಸ್ತರು ಕೇಳುವುದು ಖಂಡಿತ. ಅದಕ್ಕೇ ಜಯಾಬಾಯಿ ಹಟ ಹಿಡಿದಿದ್ದರು. ತೋರಿಸಿದರೆ ಕನ್ನಡದ್ದು, ಮಕ್ಕಳ ಮನೆಯ ಫೋನಿಗೆ ಲಿಂಕು ಕಳಿಸಿದರೂ ಕನ್ನಡದ್ದು, ಇಲ್ಲವೆಂದರೆ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದ ಚಿತ್ರ. ನನ್ನನ್ನು ಕೇಳಿದರೆ ಆ ಚಿತ್ರಗಳು ಎಷ್ಟೋ ವಿಡಿಯೋಗಳಿಗಿಂತ ಮೇಲಾಗಿದ್ದವು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಒಂಬತ್ತನೆಯ ಕ್ಲಾಸಿನಲ್ಲಿ ಗಾದಿಲಿಂಗಮ್ಮ ಎಂಬ ಹುಡುಗಿಯಿದ್ದಳು. ಅವಳ ತಾಯಿ ಮಹಾಂತಮ್ಮ ಬಸ್ ನಿಲ್ದಾಣದ ಎದುರು ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ಮಾಡಿ ಮಾರುವವಳು. ಹುಡುಗಿಗೆ ಕೈ ತುಂಬ ಕೆಲಸ, ತಲೆ ತುಂಬ ಪ್ರಶ್ನೆ. ಮೆಣಸಿನಕಾಯಿಯ ಖಾರ ಬೀಜದಲ್ಲಿದೆಯೋ ಸಿಪ್ಪೆಯಲ್ಲಿದೆಯೋ ಎಂದು ಅವಳು ಕೇಳಿದ್ದಕ್ಕೆ ಉತ್ತರ ಹುಡುಕಲು ಟೀಚರ್ ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಕಳೆದಿದ್ದರು. ಅವಳಿಗಿದ್ದದ್ದು ಒಂದೇ ಆಸೆ, ಜೀವಕೋಶವನ್ನು ಕಣ್ಣಾರೆ ನೋಡಬೇಕು. ಶಾಲೆಯ ಸೂಕ್ಷ್ಮದರ್ಶಕದ ಗಾಜಿಗೆ ಬೂಷ್ಟು ಹಿಡಿದಿತ್ತು. ಬಗ್ಗಿ ನೋಡಿದರೆ ನಮ್ಮ ರೆಪ್ಪೆಯ ಕೂದಲೇ ನಮಗೆ ಕಾಣುತ್ತಿತ್ತು.

ಅಂಥ ಹೊತ್ತಿನಲ್ಲಿ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂತು. ವಿಜ್ಞಾನ ಸಂಸ್ಥೆಯೊಂದು ಒಂದು ಆಪ್ ಮಾಡಿದೆ, ಅದರಲ್ಲಿ ಎಲ್ಲ ಭಾಷೆಯ ಪಾಠಗಳಿವೆ, ಕೊನೆಯಲ್ಲಿ ಪರೀಕ್ಷೆಯಿದೆ. ಜಿಲ್ಲೆಗೆ ಮೊದಲು ಬಂದವರನ್ನು ಶಿಬಿರಕ್ಕೆ ಕರೆಯುತ್ತಾರೆ, ಅಲ್ಲಿ ಒಂದೊಂದು ಮಗುವಿಗೂ ಒಂದೊಂದು ಸೂಕ್ಷ್ಮದರ್ಶಕ. ಇದನ್ನು ಓದಿ ಹೇಳಿದ ದಿನ ಗಾದಿಲಿಂಗಮ್ಮ ಕ್ಲಾಸು ಮುಗಿದರೂ ಬೆಂಚು ಬಿಟ್ಟು ಏಳಲಿಲ್ಲ.

"ಟೀಚರ್, ಪರೀಕ್ಷೆ ಪಾಸಾದ್ರ ಖರೇನ ತೋರಿಸ್ತಾರೇನ್ರಿ?"

"ತೋರಿಸ್ತಾರವಾ. ಬರೆಸ್ತೀನಿ ನಿನ್ನ ಕೈಲೆ, ಚಿಂತಿ ಮಾಡಬ್ಯಾಡ."

ಜಯಾಬಾಯಿ ಆಪ್ ತೆರೆದರು. 'ನಿಮ್ಮ ರಾಜ್ಯ ಆರಿಸಿ' ಎಂದಿತು. ಆಂಧ್ರಪ್ರದೇಶ ಎಂದು ಒತ್ತಿದರು. 'ಮಾಧ್ಯಮ ಆರಿಸಿ' ಎಂದಿತು. ತೆಲುಗು ಇತ್ತು, ಇಂಗ್ಲಿಷ್ ಇತ್ತು, ಉರ್ದು ಇತ್ತು. ಕನ್ನಡ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹಿಂದಕ್ಕೆ ಹೋಗಿ ಕರ್ನಾಟಕ ಎಂದು ಒತ್ತಿದರೆ ಕನ್ನಡ ಎದ್ದು ನಿಂತಿತು! ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಭಾಷೆ ಸಿಗಲಿ ಎಂದು ರಾಜ್ಯ ಕೇಳುತ್ತಿದ್ದಾರೆ, ಅಷ್ಟೇ ತಾನೇ ಎಂದುಕೊಂಡರು. 'ಜಿಲ್ಲೆ' ಎಂದಾಗ ಕರ್ನೂಲು ಇರಲಿಲ್ಲ, ಹೇಗಿದ್ದೀತು? ತಂಗಿಯನ್ನು ಬಳ್ಳಾರಿಗೆ ಕೊಟ್ಟಿದ್ದರು, ಬಳ್ಳಾರಿ ಏನು ದೂರವೆ? ಬಳ್ಳಾರಿ ಎಂದು ಒತ್ತಿದರು. ಹೀಗೆ ಕನ್ನಡ ಸೆಕ್ಷನ್ನಿನ ಮಕ್ಕಳೆಲ್ಲ ಕೂತಲ್ಲೇ ಕರ್ನಾಟಕಕ್ಕೆ ಸೇರಿಹೋದರು.

ಪರೀಕ್ಷೆ ಕನ್ನಡದಲ್ಲೇ ನಡೆಯಿತು. ಬಳ್ಳಾರಿ ಜಿಲ್ಲೆಗೆ ಗಾದಿಲಿಂಗಮ್ಮ ಮೊದಲು ಬಂದಳು. ಜಯಾಬಾಯಿ ಸಿಹಿ ಹಂಚಿದರು, ಮಹಾಂತಮ್ಮ ಸ್ಟಾಫ್ ರೂಮಿಗೆಲ್ಲ ಮಿರ್ಚಿ ಕಳಿಸಿದಳು. ಖಾರಕ್ಕೆ ಹೆಡ್‌ಮಾಸ್ತರ ಕಣ್ಣಲ್ಲಿ ನೀರು ಬಂತು.

ಮರುದಿನ ಆಪ್ ಮಾಡಿದ ಸಂಸ್ಥೆಯವರಿಂದ, ಬೆಂಗಳೂರಿನಿಂದ ಫೋನು. ಹುಡುಗಿಯ ದನಿ, ಬಹಳ ಮರ್ಯಾದೆಯ ಮಾತು. "ಮೇಡಂ, ನಿಮ್ಮ ಶಾಲೆಯ ನಂಬರು ನಮ್ಮಲ್ಲಿ ಬರ್ತಾ ಇಲ್ಲ. ಆದೋನಿ ಅಂತ ಹಾಕಿದೀರ, ಅದು ಬಳ್ಳಾರೀಲಿ ಯಾವ ತಾಲ್ಲೂಕು?"

"ತಾಲ್ಲೂಕಲ್ಲಮ್ಮ, ಆದೋನಿ ಅಂದ್ರ ಆದೋನಿ. ಕರ್ನೂಲು ಜಿಲ್ಲಾ."

"ಅಯ್ಯೋ, ಅದು ಆಂಧ್ರ ಅಲ್ವಾ ಮೇಡಂ?"

"ಹೌದು, ಆದ್ರ ನಾವು ಕನ್ನಡದವರು."

ಆ ಹುಡುಗಿ ಬೇಜಾರಿನಿಂದಲೇ ಹೇಳಿದಳು. ಬಳ್ಳಾರಿಯ ಜಾಗ ಬಳ್ಳಾರಿಯ ಮಗುವಿಗೇ ಹೋಗಬೇಕು. ಆಂಧ್ರದ ಪರೀಕ್ಷೆ ಬರುವ ಶನಿವಾರ ಇದೆ, ಗಾದಿಲಿಂಗಮ್ಮ ಅದನ್ನು ಬರೆಯಬಹುದು, ತೆಲುಗಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಜಯಾಬಾಯಿ ಫೋನು ಕೆಳಗಿಟ್ಟು, ಎದುರಿದ್ದ ಚಹಾವನ್ನು ಮರೆತು ಕೂತರು. ತಪ್ಪು ಯಾರದು? ಫೋನು ಮಾಡಿದ ಹುಡುಗಿಯದಲ್ಲ. ಆಪ್ ಕೇಳಿದ್ದಕ್ಕೆ ತಾವು ಉತ್ತರ ಕೊಟ್ಟಿದ್ದರು, ಅಷ್ಟೇ. ಆದರೆ ಆಸೆ ಹುಟ್ಟಿಸಿದ್ದು ತಾವೇ ತಾನೇ.

"ತೆಲುಗುಲೋ ರಾಯಿಸಿಬಿಡಿ ಮೇಡಂ, ಏಮುಂದಿ ಅದರಲ್ಲಿ?" ಎಂದರು ಭೀಮಲಿಂಗಪ್ಪನವರು. ಬರೆಸಿಬಿಡಿ, ಏನಿದೆ ಅದರಲ್ಲಿ ಎಂದು ಅವರು ಅಷ್ಟು ಹಗುರವಾಗಿ ಹೇಳಿದರೂ ಜಯಾಬಾಯಿಗೆ ಹಾದಿ ಕಾಣಲಿಲ್ಲ. ಬರೆಸಿದರೆ, ಕನ್ನಡದ ಮಗು ತೆಲುಗಿನಲ್ಲೂ ಬರೆಯುತ್ತದೆ ಎಂದು ತಾವೇ ಹೆಡ್‌ಮಾಸ್ತರ ಕೈಗೆ ಪುರಾವೆ ಕೊಟ್ಟಂತೆ. ಬರೆಸದಿದ್ದರೆ ಗಾದಿಲಿಂಗಮ್ಮನ ಕಣ್ಣಿಗೆ ಜೀವಕೋಶ ಇಲ್ಲ. ಬರೆಸಿ ಅವಳು ಸೋತರೆ? ಬಜಾರಿನ ತೆಲುಗು ಬೇರೆ, ವಿಜ್ಞಾನದ ತೆಲುಗು ಬೇರೆ. ಸಂಜೆ ಬಸ್ಸು ಬಿಟ್ಟು ಸೀದಾ ಒಗ್ಗಾಣಿ ಅಂಗಡಿಗೆ ನಡೆದರು.

ಗಾದಿಲಿಂಗಮ್ಮ ಮೆಣಸಿನಕಾಯಿ ಸೀಳುತ್ತ ಎಲ್ಲ ಕೇಳಿಸಿಕೊಂಡಳು. ಮಹಾಂತಮ್ಮನೇ ಮೊದಲು ಬಾಯಿ ಬಿಟ್ಟಳು.

"ಅಲ್ರೀ ಟೀಚರ್, ಹಂಗಾದ್ರ ನಾವು ಯಾ ಕಡಿಯವ್ರು ಅಂತ ಅವ್ರಿಗೆ ಗೊತ್ತಿಲ್ಲೇನು?"

"ಗೊತ್ತಿಲ್ಲ ಮಹಾಂತಮ್ಮ. ನಂಗೂ ಈಗ ಗೊತ್ತಾಗವಲ್ದು."

"ಬರಿತೀನ್ರಿ ಟೀಚರ್," ಎಂದಳು ಹುಡುಗಿ ತಲೆಯೆತ್ತದೆ. "ತೆಲುಗಿನಾಗ ಬರಿತೀನಿ."

ಶನಿವಾರ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಪರೀಕ್ಷೆ. ಜಯಾಬಾಯಿ ಹೊರಗೆ ಕಿಟಕಿಯ ಹತ್ತಿರ ನಿಂತು, ಕೂತು, ಮತ್ತೆ ನಿಂತು, ಗುರುರಾಯರಿಗೆ ಹರಕೆ ಹೊತ್ತು ಸುಸ್ತಾದರು. ಹುಡುಗಿ ಹೊತ್ತಿಗೆ ಮುಂಚೆಯೇ ಹೊರಗೆ ಬಂದಳು. ಅಷ್ಟು ಬೇಗ ಬಂದಳೆಂದರೆ ಬಿಟ್ಟು ಬಂದಿದ್ದಾಳೆ ಎಂದುಕೊಂಡು ಟೀಚರ್ ಎದುರಿಗೆ ಓಡಿದರು.

"ಯಾಕವಾ, ಕಷ್ಟ ಇತ್ತಾ?"

"ಇಲ್ರಿ, ಎಲ್ಲಾ ಬಂತು." ಹುಡುಗಿ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. "ಬೈಯಬ್ಯಾಡ್ರಿ ಟೀಚರ್. ನೀವು ಕಳಿಸ್ತಿದ್ದ ಲಿಂಕು ಒಂದೂ ನಮ್ಮ ಪುಸ್ತಕಕ್ಕ ಕೂಡ್ತಿದ್ದಿಲ್ಲ. ಅದಕ್ಕ ನಾನು ಅವ್ವನ ಫೋನಿನಾಗ ದಿನಾ ತೆಲುಗು ವಿಡಿಯೋನ ನೋಡ್ತಿದ್ದೆ. ನೀವು ಮನಸಿಗೆ ಹಚ್ಕೊಂತೀರಂತ ಹೇಳಲಿಲ್ರಿ."

ಜಯಾಬಾಯಿ ಬೈಯಲಿಲ್ಲ. "ಛಲೋ ಆತು ಬಿಡು" ಎಂದು ಬೆನ್ನು ತಟ್ಟಿ ಕಳಿಸಿದರು. ಆದರೆ ಬಸ್ಸಿನಲ್ಲಿ ಅವತ್ತು ಫೋನು ತೆಗೆಯಲೇ ಇಲ್ಲ. ದಿನಾ ಬೆಳಗ್ಗೆ ಬಸ್ಸಿನಲ್ಲಿ ಕಣ್ಣು ನೋಯಿಸಿಕೊಂಡು, ಭಾನುವಾರಗಳನ್ನು ಸುರಿದು ಹುಡುಕಿದ್ದೆಲ್ಲ ಯಾರಿಗಾಗಿ? ಕಲಿತಳಲ್ಲ ಎಂದು ಖುಷಿ ಪಡಬೇಕೋ, ತಮ್ಮಿಂದ ಕಲಿಯಲಿಲ್ಲ ಎಂದು ಅಳಬೇಕೋ ಅವರಿಗೆ ತಿಳಿಯಲಿಲ್ಲ. ಮನೆಗೆ ಹೋಗಿ ಗಂಡನ ಮೇಲೆ ಕಾರಣವಿಲ್ಲದೆ ರೇಗಿದರು. ಸೇತುಮಾಧವ ಪಾಪ, ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಅವತ್ತು ಚಕಾರವೆತ್ತಲಿಲ್ಲ.

ಕೆಲವು ವಾರಗಳ ಮೇಲೆ ಆಯ್ಕೆಯಾದವರ ಹೆಸರುಗಳು ಬಂದವು. ಗಾದಿಲಿಂಗಮ್ಮ, ಕರ್ನೂಲು ಜಿಲ್ಲೆ, ಮಾಧ್ಯಮ ತೆಲುಗು. ಹೆಡ್‌ಮಾಸ್ತರು ಅದನ್ನು ಶಾಲೆಯ ಗುಂಪಿಗೆ ಹಾಕಿ, ಮಾಧ್ಯಮ ತೆಲುಗು ಎಂದಿದೆಯಲ್ಲ, ಲೆಕ್ಕ ಲೆಕ್ಕವೇ ಎಂದು ತೆಲುಗು ಸೆಕ್ಷನ್ನಿನ ಜೀವಶಾಸ್ತ್ರದ ಮೇಷ್ಟರು ರಂಗನಾಥ ಅವರಿಗೆ ಅಭಿನಂದನೆ ಬರೆದರು. ಉಳಿದವರೂ ಚಪ್ಪಾಳೆಯ ಚಿತ್ರ ಕಳಿಸಿದರು. ರಂಗನಾಥ ಮೇಷ್ಟರು ಏನು, ಯಾಕೆ ಎಂದು ಓದುವ ಗೋಜಿಗೆ ಹೋಗದೆ ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್ ಹೇಳಿದರು. ಜಯಾಬಾಯಿ 'ಅವಳು ನನ್ನ ಮಗು' ಎಂದು ಬರೆದರು, ಅಳಿಸಿದರು, ಮತ್ತೆ ಬರೆದರು. ನನ್ನದು ಎನ್ನುವುದಕ್ಕೆ ನಾನೇನು ಕಲಿಸಿದೆ ಎಂದೆನ್ನಿಸಿ ಎರಡನೆಯ ಸಲವೂ ಅಳಿಸಿದರು. ಹುಡುಗಿಯನ್ನು ತಿರುಪತಿಯ ಶಿಬಿರಕ್ಕೆ ಕಳಿಸುವ ದಿನ ಬಸ್ ನಿಲ್ದಾಣಕ್ಕೆ ಹೋಗಿ, ದಾರಿಗೆ ಅವಲಕ್ಕಿಯ ಡಬ್ಬಿ ಕೊಟ್ಟು ಬಂದರು.

ಶಿಬಿರದ ಮೊದಲ ದಿನ ಸಂಜೆ ಫೋನು ಬಂತು.

"ಟೀಚರ್, ನೋಡೀನ್ರಿ! ಉಳ್ಳಾಗಡ್ಡಿ ಪೊರಿ ಇಟ್ಟು ನೋಡೀನಿ. ನೀವು ಹಲಗಿ ಮ್ಯಾಲೆ ಬರಿತಿದ್ರಲ್ರೀ, ಹಂಗ ಐತಿ. ಗ್ವಾಡಿ ಕಾಣಿಸ್ತು, ನಡುವ ಚುಕ್ಕಿ ಕಾಣಿಸ್ತು. ಇಲ್ಲಿ ತೆಲುಗಿನಾಗ ಹೇಳಕತ್ತಿದ್ರು, ನಾ ಮನಸಿನಾಗ ನೀವು ಹೇಳಿದ್ದು ಅಂದ್ಕೊಂತ ನೋಡಿದೆ."

ಜಯಾಬಾಯಿ ಅಡುಗೆಮನೆಯ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟರು. ಮಗು ತಮ್ಮನ್ನು ಸಮಾಧಾನ ಮಾಡುತ್ತಿದೆಯೋ, ನಿಜ ಹೇಳುತ್ತಿದೆಯೋ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೂ ಕಣ್ಣು ತುಂಬಿದವು.

"ಟೀಚರ್, ಇನ್ನೊಂದು ಐತ್ರಿ," ಹುಡುಗಿಯ ದನಿ ಇಳಿಯಿತು. "ನಾಳೆ ಎಲ್ಲಾರ ಮುಂದ ನಿಂತು ನಮ್ಮ ಸಾಲಿ ಬಗ್ಗೆ ಹೇಳಬೇಕಂತ. ಇಲ್ಲಿ ತೆಲುಗು ಮೀಡಿಯಂ ಅಂತ ಐತಿ, ಮೊದಲ ಬಳ್ಳಾರಿ ಅಂತ ಇತ್ತು. ನಾ ಏನಂತ ಹೇಳ್ಲಿ?"

"ಖರೇ ಏನೈತಿ ಅದನ್ನ ಹೇಳವಾ."

"ಖರೇ ಏನ್ರಿ ಟೀಚರ್?"

ಜಯಾಬಾಯಿ ಹೊಸ್ತಿಲಿನಿಂದ ಎದ್ದು ನಿಂತರು. ಒಳಗೆ ಸೇತುಮಾಧವ ರೇಡಿಯೋದ ದನಿ ತಗ್ಗಿಸಿ ಇತ್ತ ಕಿವಿಗೊಟ್ಟಿದ್ದರು.

"ಕನ್ನಡ ಸಾಲಿಯಾಕಿ ಅಂತ ಹೇಳು. ಎರಡೂ ಬರ್ತಾವ ಅಂತ ಹೇಳು," ಎಂದರು ಜಯಾಬಾಯಿ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಅಷ್ಟು ದಿನ ಕೇಳಲಾರದೆ ಉಳಿದದ್ದನ್ನು ಕೇಳಿದರು. "ಆ ತೆಲುಗು ವಿಡಿಯೋ ನೋಡ್ತಿದ್ದೆಲ್ಲ, ಅವನ್ನ ನಂಗೂ ಕಳಿಸು. ಸೋಮವಾರ ಕ್ಲಾಸಿನ್ಯಾಗ ಎಲ್ಲಾರಿಗೂ ತೋರಿಸ್ತೀನಿ."