ಪಂಕ್ಚರ್ ಕಂಡಲ್ಲಿ ಈರಬಸಪ್ಪ
ಪುಣೆ ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ ನಡೆಸುವ ನಮ್ಮ ವಿಜಯಪುರದ ಈರಬಸಪ್ಪನವರ ಕಾರು ಹತ್ತಿದವರು ಹೊತ್ತಿಗೆ ಸರಿಯಾಗಿ ಎಲ್ಲಿಗೂ ಮುಟ್ಟುವುದಿಲ್ಲ. ದಾರಿಯಲ್ಲಿ ಯಾರದೇ ಗಾಡಿ ಪಂಕ್ಚರ್ ಆಗಿ ನಿಂತಿರಲಿ, ಇವರ ಕಾರೂ ನಿಲ್ಲಲೇಬೇಕು. ಮದುವೆಗೆ ಹೊರಟು ಹೀಗೆ ನಿಂತು ಅಕ್ಕಿಕಾಳು ತಪ್ಪಿಸಿಕೊಂಡಿದ್ದಾರೆ, ಸತ್ತವರ ಮಣ್ಣಿಗೆ ಹೊರಟು ಮಣ್ಣನ್ನೂ ತಪ್ಪಿಸಿಕೊಂಡಿದ್ದಾರೆ. ಹಿಂಜವಾಡಿಯ ಕಂಪನಿ ಕ್ಯಾಬೇ ಇರಲಿ, ಇಟ್ಟಿಗೆ ಹೇರಿದ ಟ್ರ್ಯಾಕ್ಟರೇ ಇರಲಿ, ಅವರಿಗೆ ಭೇದವಿಲ್ಲ. ಆದರೆ ಇಳಿದ ಮೇಲೆ ಜ್ಯಾಕನ್ನಾಗಲಿ ನಟ್ ಬಿಚ್ಚುವ ಪಾನಾವನ್ನಾಗಲಿ ಮುಟ್ಟುವವರಲ್ಲ. ಕೆಟ್ಟ ಗಾಡಿಯ ಹಿಂದೆ ಅಷ್ಟು ದೂರ ನಡೆದು, ಬರುವ ವಾಹನಗಳಿಗೆ ಎದುರಾಗಿ ನಿಂತು ಕೆಂಪು ಟವೆಲ್ ಬೀಸುತ್ತಾರೆ. ಲಾರಿಯವರು ಮರಾಠಿಯಲ್ಲಿ ಬೈದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಾರೆ. ಮೊನ್ನೆ ಮಧ್ಯಾಹ್ನ ನಾನೂ ಅವರ ಜೊತೆಗಿದ್ದಾಗ ದೇಹೂ ರೋಡಿನ ಹತ್ತಿರ ಟಾಯರ್ ಬದಲಿಸುತ್ತಿದ್ದವನೊಬ್ಬ ಕನ್ನಡದವನೇ ಆಗಿದ್ದ. “ಕಾಕಾ, ಒಂದೀಟು ಕೈ ಹಚ್ಚರಿ” ಎಂದು ಕೂಗಿದ. ಇವರು ತಿರುಗಲೂ ಇಲ್ಲ. “ನೀವು ಗಾಲಿ ನೋಡ್ರಿ, ನಾ ರಸ್ತಾ ನೋಡ್ತೀನಿ” ಎಂದರು. ಮರಳಿ ಕಾರಿನಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ. “ಬರೇ ನಿಂದ್ರಾಕ ಯಾಕ ಇಳೀತೀರಿ?” ಎಂದು ಕೇಳಿಯೇಬಿಟ್ಟೆ. ಅವರ ಹೆಂಡತಿ ಶೈಲಾ ಅಪಘಾತದಲ್ಲಿ ತೀರಿಕೊಂಡರೆಂದಷ್ಟೇ ನಮಗೆಲ್ಲ ಗೊತ್ತಿತ್ತು. “ಅವತ್ತ ನಮ್ಮ ಗಾಡಿ ಪಂಕ್ಚರ್ ಆಗಿ, ನಾ ಬಗ್ಗಿ ನಟ್ ಬಿಚ್ಚಾಕತ್ತಿದ್ದೆ” ಎಂದರು. “ಬಿಸಲು ಭಾಳ ಅದ ಅಂತ ಆಕಿ ನನ್ನ ಹಿಂದ ನಿಂತು ಸೆರಗು ಹಿಡದಿದ್ಲು. ಟೆಂಪೋ ಬಂದದ್ದು ನನಗ ಗೊತ್ತಾಗ್ಲಿಲ್ಲ. ಬೆನ್ನ ಮ್ಯಾಲಿನ ನೆಳ್ಳು ಹೋತು, ಆವಾಗ ತಿರುಗಿ ನೋಡಿದೆ.”