ಚೀಲದಣ್ಣನ ಹಿಂದೆ ನಿಂತವರು

ಹರಿದ ಚೀಲ ಹೊಲಿಯುವುದು, ಕೆಟ್ಟ ಜಿಪ್ಪಿಗೆ ಹೊಸ ರನ್ನರ್ ಹಾಕುವುದು, ಕಿತ್ತುಬಂದ ಹಿಡಿಗೆ ರಿವೆಟ್ ಬಡಿಯುವುದು. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಮೂವತ್ತು ವರ್ಷ ಇದನ್ನೇ ಮಾಡಿದವರನ್ನು ಮಾರುಕಟ್ಟೆಯವರು ಚೀಲದಣ್ಣ ಎಂದೇ ಕರೆಯುತ್ತಿದ್ದರು. ಮೆಟ್ಟಿಲು ಹತ್ತಿದರೆ ಚಾಪೆ ಹಾಸಿದ ಒಂದು ಕೋಣೆ. ಮಧ್ಯಾಹ್ನದ ನಮಾಜಿಗೂ ಇಳಿಹೊತ್ತಿನ ನಮಾಜಿಗೂ ಅಂಗಡಿಯವರು ಅಲ್ಲಿ ಸೇರುತ್ತಿದ್ದರು. ಮುಂದೆ ನಿಂತು ನಮಾಜು ಮಾಡಿಸುವ ಇಮಾಮರು ಚೀಲದಣ್ಣನೇ. ಸಂಬಳವಿಲ್ಲ, ಸಾರಿಗೆಯಿಲ್ಲ. ಆದರೆ ಆ ಚಾಪೆಯಗಲದ ಜಾಗದಲ್ಲಿ ನಿಂತಾಗ ಮಾತ್ರ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು ಅವರಿಗೆ.

ದೊಡ್ಡ ವಿದ್ಯೆಯೇನೂ ಇರಲಿಲ್ಲ. ಇದ್ದದ್ದು ಒಂದೇ ಗುಣ: ಗೊತ್ತಿಲ್ಲದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಜೂ ಮಾಡಬೇಕಲ್ಲ, ಬೆಕ್ಕು ಬಾಯಿ ಹಾಕಿದ ನೀರು ಅದಕ್ಕೆ ಆದೀತೇ? ಉಗುರಿಗಂಟಿದ ಪೇಂಟು ಬಿಡದಿದ್ದರೆ ಏನು ಮಾಡುವುದು? ಯಾರೇ ಕೇಳಲಿ, "ಸ್ವಂತ ತಲೆ ಓಡಿಸ್ಬೇಡಪ್ಪ, ತಾಳು, ತಿಳಿದವ್ರನ್ನ ಕೇಳ್ಕೊಂಡು ಬರ್ತೀನಿ" ಎಂದು ಸೂಜಿ ಕೆಳಗಿಟ್ಟು, ಎರಡು ಬೀದಿ ಆಚೆಯ, ಧರ್ಮಶಾಸ್ತ್ರ ಓದಿದ ಮುಫ್ತಿ ಸಾಹೇಬರ ಮನೆಗೆ ಹೊರಟುಬಿಡುತ್ತಿದ್ದರು.

ಅಂಥವರು ತಮ್ಮ ಸರದಿ ಬಂದಾಗ ಕೇಳಲೇ ಇಲ್ಲ ನೋಡಿ! ಮೂತ್ರ ಕಟ್ಟಿ ಆಸ್ಪತ್ರೆ ಸೇರಿದರು. ಡಾಕ್ಟರು ನಳಿಗೆ ಹಾಕಿ, ತೊಡೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, "ಇನ್ಮೇಲೆ ಇದ್ರ ಜೊತೇಲೇ ಇರ್ಬೇಕು ಯಜಮಾನ್ರೆ" ಅಂದರು. ಜನ್ಮವೆಲ್ಲ ಊರಿನವರ ಚೀಲ ಹೊಲಿದವರಿಗೆ ಇಂಥದೊಂದು ಚೀಲ. ಸಡಿಲ ಪಾಯಿಜಾಮದೊಳಗೆ ಅದು ಕಾಣುತ್ತಿರಲಿಲ್ಲ, ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಚೀಲದ ಬಾಯಿ ಬಿಗಿಯಾಗಿದೆ, ಒಂದು ಹನಿ ಹೊರಗೆ ಬೀಳುವುದಿಲ್ಲ, ಇನ್ನೆಲ್ಲಿಯ ಅಶುದ್ಧ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ನಾಲ್ಕು ತಿಂಗಳು ಮುಂದೆ ನಿಂತರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕೇಳಿದರೆ ಏನುತ್ತರ ಬರುತ್ತದೋ ಎಂಬ ಹೆದರಿಕೆ, ಮತ್ತೇನಲ್ಲ.

ಆ ನಡುವೆ ಪಕ್ಕದ ಛತ್ರಿ ಅಂಗಡಿಯವನು, ದಿನವೂ ಅವರ ಬೆನ್ನ ಹಿಂದೆಯೇ ನಿಲ್ಲುತ್ತಿದ್ದ ಗೆಳೆಯ, ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿಬಿಟ್ಟ.

ಒಂದು ದಿನ ಗುಂಡಿ ಅಂಗಡಿಯವನು ಬಂದ. "ಅಣ್ಣಾ, ನಮ್ಮಪ್ಪಂಗೆ ಮೂತ್ರದ ಚೀಲ ಹಾಕಿದ್ದಾರೆ. ನಮಾಜ್ ಹೇಗ್ಮಾಡ್ಬೇಕು, ಸ್ವಲ್ಪ ಕೇಳ್ಕೊಂಡು ಬನ್ನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಚೀಲದಣ್ಣನ ಕೈ ತೊಡೆಗೆ ಹೋಯಿತು. ಕೇಳಿದ್ದು ಬೇರೆಯವರ ಪ್ರಶ್ನೆ, ಹೋಗದಿರುವುದು ಹೇಗೆ?

"ಅವ್ರೇನೂ ಹೆದರ್ಬೇಕಾಗಿಲ್ಲ," ಎಂದರು ಮುಫ್ತಿ ಸಾಹೇಬರು. "ಪ್ರತಿ ಹೊತ್ತಿನ ನಮಾಜ್‌ಗೂ ಹೊಸದಾಗಿ ವುಜೂ ಮಾಡ್ಲಿ, ಸಾಕು. ನಮಾಜ್ ದೇವರಿಗೆ ಸೇರುತ್ತೆ." ಚೀಲದಣ್ಣ ಉಸಿರು ಬಿಟ್ಟು ಮೇಲೆದ್ದರು. ಮುಫ್ತಿ ಸಾಹೇಬರ ಮಾತು ಮುಗಿದಿರಲಿಲ್ಲ. "ಆದ್ರೆ ಮೂತ್ರ ಬರ್ತಾನೇ ಇರುತ್ತಲ್ಲ, ವುಜೂ ನಿಲ್ಲಲ್ಲ; ಆರೋಗ್ಯವಾಗಿರೋರಿಗೆ ಅವ್ರು ಇಮಾಮ್ ಆಗೋ ಹಾಗಿಲ್ಲ."

"ಮುಂದೆ ನಿಂತುಬಿಟ್ಟಿದ್ರೆ?"

"ಹಿಂದೆ ನಿಂತಿದ್ದವ್ರು ಅಷ್ಟೂ ನಮಾಜ್ ಮತ್ತೆ ಮಾಡ್ಬೇಕು. ಗುರುತಿರೋರಿಗೆಲ್ಲ ಅವ್ರೇ ಹೋಗಿ ಹೇಳ್ಬೇಕು."

"ಅದ್ರಲ್ಲೊಬ್ಬ ಸತ್ತುಹೋಗಿದ್ರೆ?"

"ಗೊತ್ತಿಲ್ದೆ ಮಾಡಿದವನ ಮೇಲೆ ತಪ್ಪಿಲ್ಲ."

"ಅವನ ಬದ್ಲು ನಾನು ಮಾಡ್ಲಾ?" 'ನಾನು' ಅನ್ನುವುದು ಬಾಯಿ ಜಾರಿ ಬಂದೇಬಿಟ್ಟಿತ್ತು.

ಮುಫ್ತಿ ಸಾಹೇಬರಿಗೆ ಎಲ್ಲ ಅರ್ಥವಾಯಿತು. "ಒಬ್ರ ನಮಾಜ್ ಇನ್ನೊಬ್ರು ಮಾಡೋಕಾಗಲ್ಲಣ್ಣ," ಎಂದು ಮುಖ ತಗ್ಗಿಸಿದರು.

ಮನೆಯಲ್ಲಿ ಹೆಂಡತಿ ಸಿಡಿದಳು. "ಬೆನ್ನುನೋವು ಅಂತ ಹೇಳಿ ಹಿಂದೆ ನಿಂತ್ಕೊಳ್ಳಿ. ಯಾರು ಬಟ್ಟೆ ಎತ್ತಿ ನೋಡ್ತಾರೆ? ಮಾನ ಬೀದಿಗೆ ಹಾಕ್ಬೇಕಾ?"

"ಬೆನ್ನುನೋವು ಅಂದ್ರೆ ಅವ್ರು ಮತ್ತೆ ಮಾಡಲ್ವಲ್ಲೇ."

ಮರುದಿನ ಅಂಗಡಿ ಅಂಗಡಿಗೂ ಹೋದರು. ಪ್ರತಿ ಗಲ್ಲಾದ ಮುಂದೆಯೂ ಅದೇ ಮಾತು: ನನಗೆ ಚೀಲ ಕಟ್ಟಿದ್ದಾರೆ, ಮುಚ್ಚಿಟ್ಟೆ, ನಾಲ್ಕು ತಿಂಗಳ ನಮಾಜು ಮತ್ತೆ ಮಾಡಿ, ಕ್ಷಮಿಸಿ. ಕೆಲವರು "ಆಯ್ತು ಬಿಡಿ" ಅಂದರು, ಆದರೆ ಕಣ್ಣು ತೊಡೆಯ ಮೇಲೆಯೇ. ಗುಂಡಿ ಅಂಗಡಿಯವನು ಮಾತ್ರ ಗಿರಾಕಿಗಳ ಎದುರೇ ಕೂಗಾಡಿದ. "ಊರಿಗೆಲ್ಲ ಕೇಳ್ಕೊಂಡು ಬರೋರು, ನಿಮ್ಗೆ ಕೇಳೋಕೆ ಏನಾಗಿತ್ತು ರೋಗ?" ಚೀಲದಣ್ಣ ಕೈಮುಗಿದು ಮುಂದಿನ ಅಂಗಡಿಗೆ ನಡೆದರು. ಈಗ ಅವನೇ ಇಮಾಮ. ಇವರು ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಕಡೆ. ಪ್ರಶ್ನೆ ಹಿಡಿದುಕೊಂಡು ಅವರ ಬಳಿ ಯಾರೂ ಬರುವುದಿಲ್ಲ.

ಒಬ್ಬಳು ಬಂದಳು. ಛತ್ರಿಯವನ ಹೆಂಡತಿ. ಈಗ ಅಂಗಡಿಯಲ್ಲಿ ಅವಳೇ ಕೂರುವುದು.

"ಅಣ್ಣಾ, ಎಲ್ರೂ ಮತ್ತೆ ಮಾಡ್ತಿದ್ದಾರಂತೆ. ನಮ್ಮೋರದ್ದು?"

"ಅವನ ಮೇಲೆ ತಪ್ಪಿಲ್ಲವಂತೆ, ತಂಗಿ."

"ತಪ್ಪಿಲ್ಲ, ಸರಿ. ಸೇರಿತಾ? ಮನೇಲಿ ಒಂದು ಹೊತ್ತೂ ಮಾಡ್ತಿರ್ಲಿಲ್ಲ ಅವ್ರು. ಚೀಲದಣ್ಣನ ಹಿಂದೆ ಮಾಡಿದ್ದೊಂದೇ ಪರಲೋಕಕ್ಕೆ ನನ್ನ ಬುತ್ತಿ ಅಂತಿದ್ರು."

ತಪ್ಪಿಲ್ಲ ಎಂದಷ್ಟೇ ಮುಫ್ತಿ ಸಾಹೇಬರು ಹೇಳಿದ್ದರು. ಸೇರಿತೇ ಎಂದು ಕೇಳಿರಲಿಲ್ಲ. ಇನ್ನೊಮ್ಮೆ ಆ ಬಾಗಿಲಿಗೆ ಹೋಗುವ ಧೈರ್ಯ ಅವರಿಗೆ ಉಳಿದಿರಲಿಲ್ಲ. ಕೈಯಲ್ಲಿದ್ದ ಜಿಪ್ಪನ್ನು ಎಳೆದರು, ಅದು ಅರ್ಧಕ್ಕೆ ನಿಂತಿತು.

"ಸೇರಿದೆ, ತಂಗಿ."

"ಮುಫ್ತಿ ಸಾಹೇಬ್ರನ್ನ ಕೇಳಿದ್ರಾ?"

"ಕೇಳ್ದೆ," ಎಂದರು ಚೀಲದಣ್ಣ.